ಜಗಲಿಯಲ್ಲಿ ಕುಳಿತು ಅನುಮತಿ ಕೇಳಿದ್ದು

ನಮ್ಮ ಚಿತ್ರದ ಮುಕ್ಕಾಲು ಭಾಗ ಒಂದೇ ಮನೆಯೊಳಗೆ ನಡೆಯುತ್ತದೆ. ಅಡಿಕೆ ತೋಟದ ಅಂಚಿನ ಹಳೆಯ ಹೆಂಚಿನ ಮನೆ, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಉಳಿದ ಮುದುಕಿ, ಪಾಲಿನ ಮಾತೆತ್ತಿಕೊಂಡು ಊರಿಗೆ ಬರುವ ಮಕ್ಕಳು. ನಟರೆಲ್ಲ ಹವ್ಯಾಸಿ ರಂಗಭೂಮಿಯವರು, ಬಂಡವಾಳ ಗೆಳೆಯರು ಕೂಡಿಸಿದ್ದು. ಸ್ಥಳದ ಬಾಬ್ತು ಎಂದು ಲೆಕ್ಕದಲ್ಲಿ ಬರೆದಿಟ್ಟಿದ್ದ ಮೊತ್ತ 40,000 ರೂಪಾಯಿ. ಅಷ್ಟರಲ್ಲಿ ಮನೆ ಹುಡುಕಿ, ಒಪ್ಪಿಗೆ ಪಡೆದು, ಕೆಲಸ ಮುಗಿದ ಮೇಲೆ ಮನೆಯನ್ನು ಮೊದಲಿದ್ದಂತೆಯೇ ಒಪ್ಪಿಸಿ ಬರುವ ಹೊಣೆ ನನ್ನದಾಗಿತ್ತು.

ಸರ್ಕಾರಿ ಜಾಗಕ್ಕಾದರೆ ಒಂದು ಇಲಾಖೆ, ಒಂದು ಅರ್ಜಿ, ಇಂತಿಷ್ಟು ಶುಲ್ಕ ಎಂಬುದಿರುತ್ತದೆ. ಖಾಸಗಿ ಮನೆಗೆ ಇವು ಯಾವುವೂ ಇಲ್ಲ. ಕೊಡುವುದೂ ಬಿಡುವುದೂ ಮನೆಯವರ ಇಷ್ಟ, ದರವೂ ಅವರು ಹೇಳಿದ್ದೇ. ಮೊದಲು ಕೇಳಿದ ಹೋಂಸ್ಟೇಯೊಂದರವರು ದಿನಕ್ಕೆ 25,000 ರೂಪಾಯಿ ಎಂದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ನಾವಿರುವಷ್ಟು ದಿನ ಬೇರೆ ಅತಿಥಿಗಳಿಗೆ ಅವರು ಕೋಣೆ ಕೊಡುವಂತಿಲ್ಲ. ಆದರೆ ನಮ್ಮ ಹಣಕ್ಕೆ ಅಲ್ಲಿ ಎರಡನೆಯ ಸೂರ್ಯಾಸ್ತವನ್ನೂ ಕಾಣುವಂತಿರಲಿಲ್ಲ. ಹಾಗಾಗಿ ಜನ ವಾಸವಿರುವ, ಎಂದೂ ಬಾಡಿಗೆಗೆ ಕೊಟ್ಟಿರದ ಮನೆಯನ್ನೇ ಕೇಳಬೇಕೆಂದು ತೀರ್ಮಾನವಾಯಿತು. ಹುಡುಕಾಟ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿಗೆ ಬಂದು ನಿಂತಿತು. ತಂಡದ ಧ್ವನಿ ತಂತ್ರಜ್ಞನ ಅಜ್ಜನ ಮನೆ ಆ ಕಡೆಯದು. ಪರಿಚಯ ಇಲ್ಲದೆ ಹಳ್ಳಿಮನೆಯ ಜಗಲಿ ಹತ್ತಬಹುದು, ಕುಡಿಯಲು ನೀರು ಬೆಲ್ಲ ಸಿಗುತ್ತದೆ, ಆದರೆ ಮನೆಯನ್ನೇ ಕೇಳುವುದಕ್ಕೆ ನಡುವೆ ಒಬ್ಬರು ಬೇಕು.

ಯಾವಾಗ ಕೇಳಬೇಕು ಎಂಬುದನ್ನು ಅಲ್ಲಿನ ತೋಟವೇ ಹೇಳಿಬಿಡುತ್ತದೆ. ನವೆಂಬರ್‌ನಿಂದ ಜನವರಿ ಕಳೆಯುವವರೆಗೆ ಅಡಿಕೆ ಕೊಯ್ಲು. ಅಂಗಳದ ತುಂಬ ಚಪ್ಪರ, ಚಪ್ಪರದ ಮೇಲೆ ಒಣಗುವ ಅಡಿಕೆ, ರಾತ್ರಿಯಿಡೀ ಸುಲಿತ, ಬೇಯಿಸುವ ಒಲೆ. ಆ ದಿನಗಳಲ್ಲಿ ಆ ಮನೆಗಳಲ್ಲಿ ಪುರುಸೊತ್ತು ಎಂಬ ವಸ್ತುವೇ ಇರುವುದಿಲ್ಲ. ಜೂನ್ ಬಂದರೆ ಮಳೆ, ಅದರ ಬೆನ್ನಿಗೆ ಕೊಳೆರೋಗಕ್ಕೆ ಮೈಲುತುತ್ತದ ದ್ರಾವಣ ಹೊಡೆಯುವ ಗಡಿಬಿಡಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮದುವೆ, ಉಪನಯನ, ಜೊತೆಗೆ ಬಾವಿಯ ನೀರು ತಳಕ್ಕಿಳಿದಿರುತ್ತದೆ. ಉಳಿಯುವುದು ಫೆಬ್ರುವರಿಯ ಕೊನೆ ಮತ್ತು ಮಾರ್ಚ್. ನಟರ ಬಿಡುವು, ಕ್ಯಾಮೆರಾದ ಬಾಡಿಗೆ ಎಲ್ಲವನ್ನೂ ಈ ಕಿರಿದಾದ ಸಂದಿಗೆ ಹೊಂದಿಸಿಕೊಂಡೆವು. ನಮ್ಮ ಅನುಕೂಲದ ದಿನಾಂಕ ಹಿಡಿದುಕೊಂಡು ಹೋಗಿದ್ದರೆ ಯಾವ ಮನೆಯೂ ಸಿಗುತ್ತಿರಲಿಲ್ಲ ಎಂದು ಖಂಡಿತವಾಗಿ ಹೇಳಬಲ್ಲೆ.

ಮನೆ ನೋಡಿದ ಕೂಡಲೇ ನಿರ್ದೇಶಕರಿಗೆ ಹಿಡಿಸಿತು. ಉದ್ದದ ಜಗಲಿ, ಹಲಸಿನ ಮರದ ಕಂಬಗಳು, ಕತ್ತಲು ಕವಿದ ನಡುಮನೆ, ಅಲ್ಲಿಂದ ಎರಡು ಮೆಟ್ಟಿಲು ಇಳಿದರೆ ಬಚ್ಚಲು ಮನೆಯ ಒಲೆಯ ಬೆಳಕು. ನಾನು ಜಗಲಿಯಲ್ಲಿ ಮನೆಯ ಹಿರಿಯರ ಎದುರು ಕುಳಿತು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅರ್ಧ ಹೇಳಿ ಅರ್ಧ ಮುಚ್ಚಿಟ್ಟು ಒಪ್ಪಿಗೆ ಪಡೆಯುವ ರೂಢಿ ಈ ಕ್ಷೇತ್ರದಲ್ಲಿದೆ. 'ಸಣ್ಣ ದೃಶ್ಯ ಅಷ್ಟೇ, ಎರಡು ಗಂಟೆಯ ಕೆಲಸ' ಎಂದು ಹೇಳಿ ಒಳಗೆ ಕಾಲಿಟ್ಟು, ಮಧ್ಯರಾತ್ರಿಯವರೆಗೆ ದೀಪ ಉರಿಸುವವರನ್ನು ನೋಡಿದ್ದೇನೆ. ನನಗೆ ಅದು ಕಳ್ಳತನಕ್ಕೆ ಸಮವೆಂದೇ ಅನಿಸುತ್ತದೆ. ಹಾಗಾಗಿ ಹೆಣವನ್ನು ಜಗಲಿಯಲ್ಲಿ ಮಲಗಿಸುವ ದೃಶ್ಯವಿದೆ ಎಂಬುದನ್ನೂ ಆಗಲೇ ಹೇಳಿದೆ. ಹಿರಿಯರು ಆ ಕ್ಷಣ ಏನೂ ಅನ್ನಲಿಲ್ಲ. ಎಲೆಗೆ ಸುಣ್ಣ ಸವರುವುದು ಮಾತ್ರ ನಿಂತಿತು.

ಅವರು ಮೊದಲು ಎತ್ತಿದ್ದು ಬೇರೆಯೇ ಆತಂಕ. ಮನೆ ಬಳಸುವುದಕ್ಕೆ ಬರಹದಲ್ಲಿ ಒಪ್ಪಿಗೆ ಬೇಕು ಎಂದಾಗ, 'ಬಾಯಿಮಾತಿನಲ್ಲಿ ಎಷ್ಟು ದಿನ ಬೇಕಾದರೂ ಇರಿ, ಕಾಗದ ಮಾತ್ರ ಬೇಡ' ಎಂದರು. ಕಾರಣ ಕೇಳಿದರೆ ಮಾತು 1974ಕ್ಕೆ ಹೋಯಿತು. ಆ ವರ್ಷ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಗೇಣಿದಾರರು ಏಳನೇ ನಮೂನೆಯ ಅರ್ಜಿ ಹಾಕಿದ ಮೇಲೆ ಇವರ ತಂದೆಯ ಕೈಯಲ್ಲಿದ್ದ ಗದ್ದೆಗಳು ಉಳುವವರ ಹೆಸರಿಗಾಗಿದ್ದವು. ಆ ಕಾನೂನು ತಲೆಮಾರುಗಳ ಅನ್ಯಾಯವನ್ನು ಸರಿಪಡಿಸಿತು ಎಂಬುದು ನನ್ನ ನಂಬಿಕೆ. ಆದರೆ ಎದುರು ಕುಳಿತವರು ಆಗ ಹದಿಹರೆಯದಲ್ಲಿ ಕಂಡಿದ್ದು, ಕಾಗದವೊಂದು ಬಂದು ಗದ್ದೆ ಹೋದದ್ದನ್ನು. ಅವರ ಭಯಕ್ಕೆ ವಾದದಿಂದ ಉತ್ತರ ಕೊಡುವಂತಿರಲಿಲ್ಲ.

ಊರಿಗೆ ಮರಳಿದ ಮೇಲೆ, ವಕೀಲರಾದ ಗೆಳತಿಯ ಬಳಿ ಕುಳಿತೆ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಒಂದು ಕೆಲಸ ಮಾಡಿಕೊಳ್ಳಲು ಕೊಡುವ ಅನುಮತಿಗೂ ಗೇಣಿ ಅಥವಾ ಬಾಡಿಗೆಗೂ ಕಾನೂನಿನಲ್ಲಿ ದೊಡ್ಡ ವ್ಯತ್ಯಾಸವಿದೆ ಎಂದು ಅವರು ವಿವರಿಸಿದರು. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 52ನೇ ಕಲಂ ಪ್ರಕಾರ ನಮಗೆ ಬೇಕಾಗಿದ್ದು ಬರೀ ಪರವಾನಗಿ. ಅದರಿಂದ ಆಸ್ತಿಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ. ಕೊಟ್ಟವರು ಅದನ್ನು ಸಾಮಾನ್ಯವಾಗಿ ಹಿಂದಕ್ಕೂ ಪಡೆಯಬಹುದು, ಅದು 60ನೇ ಕಲಂನಲ್ಲಿದೆ. ಈ ಎರಡು ಸಂಗತಿಗಳನ್ನು ಒಪ್ಪಂದದ ಮೊದಲ ಎರಡು ಸಾಲುಗಳಾಗಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಸಿದೆ. ಬೆಂಗಳೂರಿನ ನಿರ್ಮಾಣ ಕಚೇರಿಗಳಲ್ಲಿ ಓಡಾಡುವ ಇಂಗ್ಲಿಷ್ ನಮೂನೆಯೊಂದು ನನ್ನ ಬಳಿಯೂ ಇತ್ತು. ಅದನ್ನು ಓದಲಾಗದವರ ಮುಂದಿಟ್ಟು ಸಹಿ ಹಾಕಿಸಿಕೊಳ್ಳುವುದು ಒಪ್ಪಿಗೆಯೇ ಅಲ್ಲ.

ನಡುವೆ ಅವರು ಅನುಮತಿ ಹಿಂತೆಗೆದುಕೊಂಡರೆ ನಮ್ಮ ಗತಿ ಏನು ಎಂದು ನಿರ್ದೇಶಕರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಹಾಗಾದರೆ ಬಾಕಿ ದಿನಗಳ ಹಣ ಕೊಡಬೇಕಿಲ್ಲ, ಅಲ್ಲಿಯವರೆಗೆ ತೆಗೆದ ದೃಶ್ಯಗಳನ್ನು ಬಳಸಲು ಅಡ್ಡಿಯಿಲ್ಲ ಎಂದು ಸೇರಿಸಿದೆವು. ಅದಕ್ಕಿಂತ ಹೆಚ್ಚಿನ ರಕ್ಷಣೆಯನ್ನು ಜನ ವಾಸಿಸುವ ಮನೆಯೊಂದರಿಂದ ಕೇಳುವುದು ಸಲ್ಲದು ಎಂದು ನಾನು ಹಟ ಹಿಡಿದೆ. ಉಳಿದಂತೆ ಅದರಲ್ಲಿ ಇದ್ದದ್ದು ಯಾವ ದಿನಾಂಕ, ಎಷ್ಟರಿಂದ ಎಷ್ಟು ಗಂಟೆ, ಯಾವ ಕೋಣೆಗಳು, ಎಷ್ಟು ಜನ, ಎಷ್ಟು ಹಣ, ಹಾನಿಯಾದರೆ ಯಾರು ಭರಿಸಬೇಕು, ಬಿಟ್ಟುಹೋದ ದೃಶ್ಯಕ್ಕಾಗಿ ಮತ್ತೆ ಒಂದು ದಿನ ಬರಬಹುದೇ ಎಂಬ ವಿವರಗಳು. ಇವೆಲ್ಲಕ್ಕಿಂತ ಮುಖ್ಯವಾಗಿ, ಚಿತ್ರೀಕರಿಸಿದ ದೃಶ್ಯವನ್ನು ಚಿತ್ರಮಂದಿರ, ಉತ್ಸವ, ಟಿ.ವಿ., ಒಟಿಟಿ ಹೀಗೆ ಎಲ್ಲಿ ಬೇಕಾದರೂ ಕಾಲಮಿತಿಯಿಲ್ಲದೆ ತೋರಿಸಬಹುದು ಎಂಬ ಸಾಲು. ಚಿತ್ರವನ್ನು ಕೊಳ್ಳುವವರು ಕೇಳುವ ದಾಖಲೆಗಳಲ್ಲಿ ಇದೂ ಒಂದು. ಇದಿಲ್ಲದಿದ್ದರೆ ಮುಗಿದ ಚಿತ್ರವೂ ಪೆಟ್ಟಿಗೆಯಲ್ಲಿ ಉಳಿದೀತು. ಬಜೆಟ್ ಚಿಕ್ಕದು, ನಮಗ್ಯಾಕೆ ಕಾಗದ ಎನ್ನುವವರಿಗೆ ಈ ಒಂದು ಸಾಲಿನ ಬೆಲೆಯನ್ನು ನಾನು ಒತ್ತಿ ಹೇಳುತ್ತೇನೆ.

ಸಹಿ ಯಾರು ಹಾಕಬೇಕು? ಮನೆಯ ದಾಖಲೆ ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು. ಮಲೆನಾಡಿನ ಎಷ್ಟೋ ಮನೆಗಳ ಸ್ಥಿತಿ ಇದೇ. ವಾಸವಿರುವವರು ಹಿರಿಯ ಮಗ, ತಮ್ಮ ಹುಬ್ಬಳ್ಳಿಯಲ್ಲಿ, ಇಬ್ಬರು ತಂಗಿಯರು ಮುಂಬೈ ಮತ್ತು ಶಿರಸಿಯಲ್ಲಿ. 'ತಮ್ಮನಿಗೆ ಫೋನ್ ಮಾಡುತ್ತೇನೆ, ಹೆಣ್ಣುಮಕ್ಕಳನ್ನು ಕೇಳುವ ಅಗತ್ಯವಿಲ್ಲ' ಎಂದರು ಹಿರಿಯರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಎತ್ತಿಹಿಡಿದಿದೆ. ಕೆಲವು ದಿನಗಳ ಚಿತ್ರೀಕರಣಕ್ಕೆ ವಾಸವಿರುವವರ ಒಪ್ಪಿಗೆ ಸಾಕೆಂದು ವಾದಿಸಬಹುದಿತ್ತು. ಆದರೆ ನಮ್ಮ ಕಥೆಯೇ ಪಾಲಿನದು. ಪರದೆಯ ಮೇಲೆ ಪಾಲು ತಪ್ಪಿದವರ ನೋವು ತೋರಿಸಿ, ಪರದೆಯ ಹಿಂದೆ ಈ ಮನೆಯ ಹೆಣ್ಣುಮಕ್ಕಳನ್ನು ಬದಿಗೆ ಸರಿಸಲು ನನಗೆ ಮನಸ್ಸು ಬರಲಿಲ್ಲ. ಇಬ್ಬರಿಗೂ ನಾನೇ ಫೋನ್ ಮಾಡಿ ಕಥೆ ಹೇಳಿದೆ. ಶಿರಸಿಯವರು ತಾವೇ ಬಂದು ಸಹಿ ಹಾಕಿದರು. ಮುಂಬೈಯವರು ಸಹಿ ಮಾಡಿದ ಪ್ರತಿಯನ್ನು ಅಂಚೆಯಲ್ಲಿ ಕಳಿಸಿ, ಒಂದೇ ಷರತ್ತು ಹಾಕಿದರು. ಬಿಡುಗಡೆಗೆ ಮುಂಚೆ ಚಿತ್ರವನ್ನು ಮನೆಯವರಿಗೆ ತೋರಿಸಬೇಕು. ಒಪ್ಪಂದದ ಕೊನೆಯಲ್ಲಿ ಅದನ್ನೂ ಬರೆದುಕೊಂಡೆವು.

ಇಷ್ಟೆಲ್ಲ ಮಾತುಕತೆಯಲ್ಲಿ ನಡುಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದವರು ಮನೆಯ ಸೊಸೆ. ಕಾಗದದಲ್ಲಿ ಅವರ ಹೆಸರಿರಲಿಲ್ಲ. ಆದರೆ ಹದಿನೈದು ಜನ ಮನೆಗೆ ನುಗ್ಗಿದರೆ ಭಾರ ಬೀಳುವುದು ಅವರ ಬೆನ್ನಿಗೆ. ಅವರೊಂದಿಗೆ ಮಾತಾಡಬೇಕು ಎಂದು ನಾನು ಕೇಳಿದಾಗ ಹಿರಿಯರಿಗೆ ತುಸು ಆಶ್ಚರ್ಯವಾಯಿತು. ಅವರು ಹೊರಗೆ ಬಂದು ಕೇಳಿದ ಪ್ರಶ್ನೆಗಳನ್ನು ನಮ್ಮ ತಂಡದಲ್ಲಿ ಯಾರೂ ಕೇಳಿಕೊಂಡಿರಲಿಲ್ಲ. ಇಷ್ಟು ಜನರಿಗೆ ನೀರು ಎಲ್ಲಿಂದ? ಮನೆಗೆ ಇರುವುದು ಒಂದೇ ಶೌಚಾಲಯ, ಅದೂ ಕೊಟ್ಟಿಗೆಯ ಹಿಂದೆ. ಚಹಾ ಮಾಡುವವರು ಯಾರು? ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇದೆ, ಅವಳು ಎಲ್ಲಿ ಕುಳಿತು ಓದಬೇಕು?

ನನ್ನ ಅನುಭವದಲ್ಲಿ ಅನುಮತಿ ನಿಜವಾಗಿ ಸಿಕ್ಕಿದ್ದು ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಾಗಲೇ. ಹತ್ತಿರದ ದೇವಸ್ಥಾನದ ಸಭಾಭವನವನ್ನು ತಂಡದ ವಸತಿಗೆ, ಸ್ನಾನ ಶೌಚಕ್ಕೆ ಗೊತ್ತು ಮಾಡಿದೆವು. ಅಡುಗೆಗೆ ಊರಿನ ಅಡುಗೆಯವರೊಬ್ಬರನ್ನು ಕರೆದು, ಒಲೆಯನ್ನು ಸಭಾಭವನದ ಹಿತ್ತಲಿನಲ್ಲೇ ಹೂಡಿಸಿದೆವು, ಮನೆಯವರಿಗೂ ಮಧ್ಯಾಹ್ನದ ಊಟ ಅಲ್ಲಿಂದಲೇ. ಕುಡಿಯುವ ನೀರನ್ನು ಕ್ಯಾನ್‌ಗಳಲ್ಲಿ ತರಿಸಿ ಬಾವಿಯನ್ನು ಮುಟ್ಟದೆ ಉಳಿಸಿದೆವು. ಅಡುಗೆಮನೆಗೂ ದೇವರ ಕೋಣೆಗೂ ಯಾರೂ ಕಾಲಿಡುವುದಿಲ್ಲ ಎಂದು ಮಾತು ಕೊಟ್ಟೆವು, ಅಡುಗೆಮನೆಯ ದೃಶ್ಯವನ್ನು ಬಚ್ಚಲು ಒಲೆಯ ಪಕ್ಕಕ್ಕೆ ಸರಿಸಿದೆವು. ಪರೀಕ್ಷೆಯ ಹುಡುಗಿಗಾಗಿ ಸಂಜೆ ಆರರ ನಂತರ ಕೆಲಸ ಇಲ್ಲ ಎಂದು ನಿರ್ಧರಿಸಿದೆವು. ರಾತ್ರಿಯ ದೃಶ್ಯಗಳನ್ನು ಕಿಟಕಿ ಬಾಗಿಲಿಗೆ ಹೊರಗಿನಿಂದ ಕಪ್ಪು ಬಟ್ಟೆ ಕಟ್ಟಿ ಹಗಲಿನಲ್ಲೇ ತೆಗೆದೆವು. ಛಾಯಾಗ್ರಾಹಕರು ಮೊದಲು ಗೊಣಗಿದರು. ಆದರೆ ಬೆಳಕು ಪೂರ್ತಿ ತಮ್ಮ ಹಿಡಿತಕ್ಕೆ ಬಂದದ್ದು ಕಂಡ ಮೇಲೆ ಅವರೇ ಖುಷಿಪಟ್ಟರು.

ವಿದ್ಯುತ್ತಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮನೆಯವರು ಗೃಹಜ್ಯೋತಿ ಯೋಜನೆಯಲ್ಲಿದ್ದರು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು, ಅದರೊಳಗಿದ್ದರೂ ಅವರ ಸರಾಸರಿಯ ಆಧಾರದ ಮೇಲೆ ಗೊತ್ತುಪಡಿಸಿದ ಮಿತಿಗಿಂತ ಹೆಚ್ಚಾದ ಭಾಗಕ್ಕೆ ಹಣ ತೆರಬೇಕು. ನಮ್ಮ ಎಲ್‌ಇಡಿ ದೀಪಗಳು ಎಲ್ಲ ಸೇರಿ ಒಂದೂವರೆ ಕಿಲೋವಾಟ್. ಎಂಟು ಗಂಟೆ ಉರಿಸಿದರೆ ದಿನಕ್ಕೆ 12 ಯೂನಿಟ್. ಹೆಚ್ಚೇನಲ್ಲ ಎನಿಸಬಹುದು, ಆದರೆ ತಿಂಗಳಿಗೆ ಅರವತ್ತು ಎಪ್ಪತ್ತು ಯೂನಿಟ್ ಬಳಸುವ ಮನೆಗೆ ಅದು ಕಣ್ಣಿಗೆ ಹೊಡೆಯುವ ಏರಿಕೆ. ಈ ಲೆಕ್ಕವನ್ನು ಅವರ ಮುಂದೆಯೇ ಹಾಳೆಯ ಮೇಲೆ ಬರೆದು ತೋರಿಸಿ, ಬೆಳಿಗ್ಗೆ ಸಂಜೆ ಮೀಟರಿನ ಚಿತ್ರ ತೆಗೆದು, ಮುಂದಿನ ಬಿಲ್ಲಿನಲ್ಲಿ ನಮ್ಮಿಂದ ಹೆಚ್ಚಾದಷ್ಟನ್ನೂ ನಾವೇ ಕಟ್ಟುವುದಾಗಿ ಬರೆದುಕೊಟ್ಟೆವು. ವೋಲ್ಟೇಜ್ ಏರಿಳಿತದ ಭಯವಿದ್ದುದರಿಂದ, ದೀಪ ಹಚ್ಚುವಾಗ ಅವರ ಫ್ರಿಜ್ ಮತ್ತು ಪಂಪಿನ ಸ್ವಿಚ್ ಆರಿಸಿ, ಮುಗಿದೊಡನೆ ಹಾಕುವ ಕೆಲಸಕ್ಕೆ ಒಬ್ಬನನ್ನೇ ನೇಮಿಸಿದೆವು.

ಹೆಣದ ದೃಶ್ಯದ ಮಾತು ಬಾಕಿ ಉಳಿದಿತ್ತು. ಕೊನೆಗೆ ಹಿರಿಯರು ಸ್ಪಷ್ಟವಾಗಿಯೇ ಹೇಳಿದರು: ಈ ಜಗಲಿಯಿಂದ ನನ್ನ ಅಪ್ಪ ಅಮ್ಮ ಇಬ್ಬರನ್ನೂ ಕಳಿಸಿಕೊಟ್ಟಿದ್ದೇನೆ, ಆಟಕ್ಕಾಗಿ ಇಲ್ಲಿ ಯಾರನ್ನೂ ಮಲಗಿಸುವುದು ಬೇಡ. ಹೆಚ್ಚು ಹಣ ಕೊಡುವ ಮಾತೆತ್ತೋಣ ಎಂದು ತಂಡದಲ್ಲಿ ಒಬ್ಬರು ಸೂಚಿಸಿದರು. ನಾನು ಖಡಾಖಂಡಿತವಾಗಿ ಬೇಡವೆಂದೆ. ಆ ಮಾತಿಗೆ ಬೆಲೆ ಕಟ್ಟಿದ್ದರೆ ಅವರು ನಮ್ಮನ್ನು ಹೊರಗೆ ಕಳಿಸುವುದೇ ಸರಿಯಾಗುತ್ತಿತ್ತು.

ದಾರಿ ತೋರಿಸಿದ್ದು ಮನೆಯ ಸೊಸೆಯೇ. ತೋಟದ ಆಚೆ ಬೀಗ ಹಾಕಿದ ಮನೆಯೊಂದಿತ್ತು, ಹೆಚ್ಚೂ ಕಡಿಮೆ ಇಂತಹುದೇ ಜಗಲಿ. ಆ ಮನೆಯವರೆಲ್ಲ ಬೆಂಗಳೂರು ಸೇರಿದ್ದಾರೆ. ಕೀಲಿ ಪಕ್ಕದ ಮನೆಯವರ ಬಳಿ ಇತ್ತು, ಅವರು ಆಗಲೇ ತೆಗೆದುಕೊಡಲು ಸಿದ್ಧರಿದ್ದರು. ಆದರೆ ಕೀಲಿ ಇಟ್ಟುಕೊಂಡವರು ಯಜಮಾನರಲ್ಲ. ಬಾಡಿಗೆದಾರರು, ತೋಟ ನೋಡಿಕೊಳ್ಳುವವರು, ನೆಂಟರು ಯಾರೇ 'ಪರವಾಗಿಲ್ಲ ಬನ್ನಿ' ಎಂದರೂ ಅದು ಅನುಮತಿಯಾಗುವುದಿಲ್ಲ. ಬೆಂಗಳೂರಿಗೆ ಬಂದು ಯಜಮಾನರನ್ನು ಕಂಡೆ. ಕಥೆ ಕೇಳಿ, ಹೆಣದ ದೃಶ್ಯಕ್ಕೂ ಅವರು ಅಡ್ಡಿ ಹೇಳಲಿಲ್ಲ. ಬಾಡಿಗೆಯನ್ನೂ ಬೇಡವೆಂದರು. ಕೇಳಿದ್ದು ಇಷ್ಟೇ: ಆ ಹಣದಲ್ಲಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿ, ಒಡೆದವನ್ನು ಬದಲಾಯಿಸಿ ಕೊಡಬೇಕು. ಊರಿನ ಕೆಲಸಗಾರರಿಂದ ಅದನ್ನು ಮಾಡಿಸಿ ಮಾಡಿನ ಚಿತ್ರಗಳನ್ನು ಕಳಿಸಿದೆ. ಹಣ ಕಡಿಮೆ ಇರುವವರು ಇಂಥ ವಿನಿಮಯಕ್ಕೆ ಮನಸ್ಸು ತೆರೆದಿರಬೇಕು. ಖಾಲಿ ಮನೆಗೆ ನಗದಿಗಿಂತ ಸೋರದ ಮಾಡು ಹೆಚ್ಚು ಬೇಕಾಗಿರುತ್ತದೆ.

ಮುದುಕಿ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವ ದೃಶ್ಯವನ್ನು ಕೈಬಿಡಬೇಕಾಯಿತು, ಅಂದರೆ ಜಾಗ ಬದಲಿಸಬೇಕಾಯಿತು. ಮನೆಯ ಹಿಂದಿನ ಸೊಪ್ಪಿನಬೆಟ್ಟವನ್ನು ಎಲ್ಲರೂ 'ನಮ್ಮ ಬೆಟ್ಟ' ಎಂದೇ ಕರೆಯುತ್ತಾರೆ. ತೋಟಕ್ಕೆ ಸೊಪ್ಪು, ದರಕು ತರುವ ಹಕ್ಕು ಅವರಿಗಿದೆ ನಿಜ, ಆದರೆ ನೆಲ ಅರಣ್ಯದ್ದು. ಮನೆಯವರ ಅನುಮತಿ ಅಲ್ಲಿಗೆ ತಲುಪುವುದಿಲ್ಲ, ಅರಣ್ಯ ಇಲಾಖೆಯನ್ನು ಕೇಳಬೇಕು. ನಮಗೆ ಅಷ್ಟು ಸಮಯವಿರಲಿಲ್ಲ. ಭೂಮಿ ಜಾಲತಾಣದಲ್ಲಿ ಪಹಣಿ ನೋಡಿ, ಅವರ ಸರ್ವೆ ನಂಬರಿನೊಳಗೇ ಇದ್ದ ತೋಟದ ಮೇಲ್ಭಾಗದ ಮಾವಿನ ಮರದಡಿ ಆ ದೃಶ್ಯ ತೆಗೆದೆವು. ಕೊಟ್ಟಿಗೆಯ ಆಕಳನ್ನೂ ಚೌಕಟ್ಟಿನಿಂದ ಹೊರಗಿಟ್ಟೆವು, ಚಿತ್ರದಲ್ಲಿ ಪ್ರಾಣಿಯನ್ನು ಬಳಸಲು ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ ಬೇಕು. ಡ್ರೋನ್ ದೃಶ್ಯ ಒಂದೇ ಒಂದು. ಆ ಜಾಗ ಹಸಿರು ವಲಯ, ಅಂದರೆ 400 ಅಡಿಯೊಳಗೆ ಪೂರ್ವಾನುಮತಿ ಇಲ್ಲದೆ ಹಾರಿಸಬಹುದು ಎಂದು ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಂಡಿದ್ದೆವು. ಆದರೂ ಅಕ್ಕಪಕ್ಕದ ಮನೆಗಳಿಗೆ ಹೋಗಿ ಹೇಳಿಯೇ ಹಾರಿಸಿದೆವು. ಹಿತ್ತಲಿನಲ್ಲಿ ಬಟ್ಟೆ ಒಗೆಯುವವರ ತಲೆಯ ಮೇಲೆ ಕ್ಯಾಮೆರಾ ಗುಂಯ್ಗುಟ್ಟುವುದು ಕಾನೂನಿಗೆ ಸರಿಯಿದ್ದರೂ ಮರ್ಯಾದೆಗೆ ಸರಿಯಲ್ಲ. ಹಾಗೆ ಹೋಗಿ ಮಾತಾಡಿದ್ದಕ್ಕೆ ಇನ್ನೊಂದು ಲಾಭವೂ ಆಯಿತು. ಕಳೆ ಕತ್ತರಿಸುವ ಯಂತ್ರವನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಮಾತ್ರ ನಡೆಸುತ್ತೇವೆ ಎಂದು ಪಕ್ಕದ ತೋಟದವರು ತಾವಾಗಿಯೇ ಹೇಳಿದರು. ಗ್ರಾಮ ಪಂಚಾಯಿತಿಗೂ ಪೊಲೀಸ್ ಠಾಣೆಗೂ ಮಾಹಿತಿ ಪತ್ರ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿದ ಪ್ರತಿ ಇಟ್ಟುಕೊಂಡೆವು.

ಚಿತ್ರೀಕರಣ ಶುರುವಾಗುವ ಹಿಂದಿನ ಸಂಜೆ ಮನೆಯವರ ಜೊತೆಯಲ್ಲೇ ಪ್ರತಿ ಕೋಣೆಯ, ಪ್ರತಿ ಗೋಡೆಯ ಚಿತ್ರ ತೆಗೆದೆ. ಮೊದಲೇ ಇದ್ದ ಬಿರುಕು ಯಾವುದು, ನಮ್ಮಿಂದಾದದ್ದು ಯಾವುದು ಎಂಬ ತಕರಾರು ಬರಬಾರದೆಂದು. ಕೆಂಪು ನೆಲಕ್ಕೆ ಗೀರು ಬೀಳದಂತೆ ದೀಪದ ಕಂಬಗಳ ಕಾಲಿಗೆ ಸೀಳಿದ ಟೆನಿಸ್ ಚೆಂಡು ತೊಡಿಸಿದೆವು. ಸುಣ್ಣದ ಗೋಡೆಗೆ ಅಂಟುಪಟ್ಟಿ ಹಚ್ಚುವುದನ್ನು ಪೂರ್ತಿ ನಿಷೇಧಿಸಿದೆವು, ಕಿತ್ತರೆ ಸುಣ್ಣವೂ ಎದ್ದು ಬರುತ್ತದೆ. ತಂತಿಗಳನ್ನು ಜಂತಿಗೆ ಹಗ್ಗದಿಂದ ಕಟ್ಟಿದೆವು. ಗೋಡೆಯ ಮೇಲಿದ್ದ ಹಿರಿಯರ ಭಾವಚಿತ್ರಗಳನ್ನು ಮನೆಯವರೇ ಇಳಿಸಿ ಅಟ್ಟದಲ್ಲಿಟ್ಟರು. ಪ್ರತಿ ಸಂಜೆ ಹೊರಡುವ ಮೊದಲು ಜಗಲಿ, ನಡುಮನೆ, ಅಂಗಳ ಗುಡಿಸುವುದು ತಂಡದ ಕೆಲಸವಾಗಿತ್ತು, ನಿರ್ದೇಶಕರೂ ಪೊರಕೆ ಹಿಡಿದರು. ಕಂಬವೊಂದರ ಬುಡದಲ್ಲಿ ಟ್ರಾಲಿ ತಗುಲಿ ಚಕ್ಕೆ ಎದ್ದಿತು. ಆ ದಿನವೇ ಹೇಳಿ, ಸಿದ್ದಾಪುರದಿಂದ ಬಡಗಿಯನ್ನು ಕರೆಸಿ ಸರಿಪಡಿಸಿದೆವು.

ಸಂಕಲನ ಮುಗಿದ ಮೇಲೆ, ಕೊಟ್ಟ ಮಾತಿನಂತೆ, ಅದೇ ಜಗಲಿಯಲ್ಲಿ ಬಿಳಿ ಪಂಚೆ ಕಟ್ಟಿ ಚಿತ್ರ ತೋರಿಸಿದೆವು. ತಮ್ಮ, ತಂಗಿಯರು, ಅಕ್ಕಪಕ್ಕದವರು ಎಲ್ಲ ಬಂದಿದ್ದರು. ಮುಗಿದ ಮೇಲೆ ಮುಂಬೈಯ ತಂಗಿ ನನ್ನನ್ನು ಪಕ್ಕಕ್ಕೆ ಕರೆದರು. ಪಾಲಿನ ಜಗಳದ ದೃಶ್ಯದಲ್ಲಿ, ಹಿಂದಿನ ಕೋಣೆಯ ತೆರೆದ ಬಾಗಿಲಿನಾಚೆ ಅವರ ತಾಯಿಯ ಫೋಟೋ ಕ್ಷಣಕಾಲ ಕಾಣುತ್ತಿತ್ತು, ಅದೊಂದು ಇಳಿಸದೆ ಉಳಿದಿತ್ತು. 'ಅಮ್ಮನ ಎದುರು ಈ ಜಗಳ ಬೇಡ' ಎಂದರು. ಒಪ್ಪಂದದ ಪ್ರಕಾರ ಅವರಿಗೆ ಚಿತ್ರ ತೋರಿಸುವ ಹೊಣೆಯಷ್ಟೇ ನಮ್ಮದು, ಬದಲಿಸುವ ಹೊಣೆ ಇರಲಿಲ್ಲ. ಸಂಕಲನಕಾರರು ಆ ತುಣುಕನ್ನು ತೆಗೆದು, ಅದೇ ಸಂಭಾಷಣೆಗೆ ಅಣ್ಣನ ಪಾತ್ರದ ಹತ್ತಿರದ ದೃಶ್ಯವನ್ನು ಜೋಡಿಸಿದರು. ಸೆನ್ಸಾರ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದು ಅದಾದ ಮೇಲೆ.